ಹಸಿವಿಲ್ಲದಿದ್ದರೂ ರಾತ್ರಿ ಕೈ ಡಬ್ಬದತ್ತ ಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಮನೆ, ಆಫೀಸು ಎರಡನ್ನೂ ನೋಡಿಕೊಳ್ಳುತ್ತೇನೆ. ಹಗಲೆಲ್ಲ ಊಟದ ವಿಷಯದಲ್ಲಿ ತುಂಬ ಹಿಡಿತದಲ್ಲಿರುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಬಿಸ್ಕತ್ತು, ಚಿಪ್ಸ್, ಚಾಕಲೇಟು ಅಂತ ಸಿಕ್ಕಿದ್ದನ್ನೆಲ್ಲ ತಿನ್ನುತ್ತೇನೆ. ಆಗ ಹಸಿವೇನೂ ಇರುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಏನಾದರೂ ಅಂದ ದಿನ ಇನ್ನೂ ಜಾಸ್ತಿ. ತಿಂದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮರುದಿನ ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನವೂ ಸ್ವಲ್ಪವೇ ತಿಂದು ಸರಿದೂಗಿಸುತ್ತೇನೆ. ತಿನ್ನಬೇಕು ಅನ್ನಿಸಿದಾಗ ನೀರು ಕುಡಿಯಿರಿ, ವಾಕಿಂಗ್ ಹೋಗಿ, ಪುಸ್ತಕ ಓದಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲ ಮಾಡಿದೆ. ಎರಡು ದಿನ ನಡೆದು ನಿಂತುಹೋಗುತ್ತದೆ. ನನಗೆ ಮನೋಬಲವೇ ಇಲ್ಲವೇ? ಇದು ಕಾಯಿಲೆಯೇ? ನಾಲ್ಕು ವರ್ಷದ ಮಗಳು ಅತ್ತಾಗ ನಾನೂ ಬಿಸ್ಕತ್ತು ಕೊಟ್ಟೇ ಸಮಾಧಾನ ಮಾಡುತ್ತೇನೆ. ಅವಳಿಗೂ ಇದೇ ಅಭ್ಯಾಸ ಬಂದುಬಿಡುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಮರುದಿನ ತಿಂಡಿ ಬಿಟ್ಟು ಸರಿದೂಗಿಸುತ್ತೇನೆ ಎಂದಿದ್ದೀರಲ್ಲ, ಅದು. ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಸರಿಹೋಗುವ ತನಕ ನಾನು ಹೇಳುವ ಬೇರೆ ಯಾವ ಮಾತೂ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ರಾತ್ರಿ ಹಸಿವಿರುವುದಿಲ್ಲ ಎಂದು ಬರೆದಿದ್ದೀರಿ. ಅದನ್ನು ನಾನು ಪೂರ್ತಿ ಒಪ್ಪಲಾರೆ. ಹೊಟ್ಟೆ ಗುರ್ ಎನ್ನದೇ ಇರಬಹುದು. ಆದರೆ ಬೆಳಿಗ್ಗೆ ಏನೂ ಇಲ್ಲದೆ, ಮಧ್ಯಾಹ್ನ ಅರ್ಧ ಹೊಟ್ಟೆಯಲ್ಲಿ ಎದ್ದು, ದಿನವಿಡೀ ದುಡಿದ ಮೈಗೆ ರಾತ್ರಿ ಹೊತ್ತಿಗೆ ಲೆಕ್ಕ ಬಾಕಿ ಇದ್ದೇ ಇರುತ್ತದೆ. ಬೇಜಾರು, ಸಿಟ್ಟು ಅದರ ಮೇಲೆ ಬಂದು ಕೂರುತ್ತವೆ. ಎರಡೂ ಸೇರಿದಾಗ ಯಾರ ಮನೋಬಲವೂ ನಿಲ್ಲುವುದಿಲ್ಲ.

ಇದನ್ನು ತೋರಿಸಿಕೊಟ್ಟ ಹಳೆಯ ಪ್ರಯೋಗ ಒಂದಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ್ದು. ಯುದ್ಧದಲ್ಲಿ ಹಸಿದು ಬಳಲಿದ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕು ಎಂದು ತಿಳಿಯುವುದು ಅವರ ಉದ್ದೇಶ. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದ 36 ಯುವಕರನ್ನು ಆರಿಸಿ, ಆರು ತಿಂಗಳ ಕಾಲ ಅವರ ಊಟವನ್ನು ಅರ್ಧಕ್ಕೆ ಇಳಿಸಿದರು. ಕೆಲವೇ ವಾರಗಳಲ್ಲಿ ಅವರ ಮಾತೆಲ್ಲ ಊಟದ್ದೇ ಆಯಿತು. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದವರು ಅಡುಗೆ ಪುಸ್ತಕ ಓದತೊಡಗಿದರು. ಸಿಡುಕು ಹೆಚ್ಚಿತು, ಮಂಕು ಕವಿಯಿತು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಾಗ ಎಷ್ಟೋ ಜನ ಹೊಟ್ಟೆ ಬಿರಿಯುವಷ್ಟು ತಿಂದರು. ಆದರೂ ತೃಪ್ತಿ ಇಲ್ಲ. ಇವರು ಮನೋಬಲ ಕಡಿಮೆ ಇದ್ದವರಲ್ಲ. ಮೈಯನ್ನು ಅರೆಹೊಟ್ಟೆಯಲ್ಲಿಟ್ಟರೆ ಮನಸ್ಸು ಊಟವನ್ನು ಬಿಟ್ಟು ಬೇರೇನನ್ನೂ ಯೋಚಿಸುವುದಿಲ್ಲ, ಅಷ್ಟೇ.

ನಿಮ್ಮದು ಅಷ್ಟು ಕಠಿಣ ಉಪವಾಸವಲ್ಲ ನಿಜ. ಆದರೆ ನಿಮಗೆ ಇನ್ನೂ ಹತ್ತಿರದ ಒಂದು ಪ್ರಯೋಗವೂ ಇದೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬಿಬ್ಬರು ಕೆಲವು ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಊಟದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಹಿಡಿತದಲ್ಲಿರುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ‘ಇವತ್ತಿನ ನಿಯಮ ಹೇಗಿದ್ದರೂ ಮುರಿಯಿತು, ಇನ್ನೇನು’ ಎನ್ನುವ ಯೋಚನೆ. ಒಂದು ಬಿಸ್ಕತ್ತು ಬಾಯಿಗೆ ಹೋದ ಮೇಲೆ ಪೂರ್ತಿ ಪ್ಯಾಕೆಟ್ ಖಾಲಿಯಾಗುತ್ತದಲ್ಲ, ಆಗ ನಿಮ್ಮೊಳಗೂ ಇದೇ ಮಾತು ಕೇಳಿಸುತ್ತದೆ, ಅಲ್ವಾ?

ಹಾಗಾಗಿ ಮೊದಲ ಎರಡು ವಾರ ರಾತ್ರಿಯ ತಿನ್ನುವಿಕೆಯನ್ನು ನಿಲ್ಲಿಸಲು ಹೋಗಲೇಬೇಡಿ. ಹಗಲಿನ ಊಟವನ್ನು ಸರಿ ಮಾಡಿ. ಎದ್ದ ಒಂದೆರಡು ಗಂಟೆಯೊಳಗೆ ತಿಂಡಿ. ಮಧ್ಯಾಹ್ನ ಹೊಟ್ಟೆ ತುಂಬ ಊಟ. ಸಂಜೆ ಏನಾದರೂ ಒಂದಿಷ್ಟು. ರಾತ್ರಿ ಊಟ. ಎರಡು ಹೊತ್ತಿನ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಬಿಡಬೇಡಿ. ಪ್ರತಿ ಹೊತ್ತಿನಲ್ಲೂ ಕಾಳು, ಮೊಟ್ಟೆ, ಹಾಲು, ಮೊಸರಿನಂಥ ಪ್ರೋಟೀನ್ ಒಂದಿರಲಿ. ರಾತ್ರಿ ಎಷ್ಟೇ ತಿಂದಿದ್ದರೂ ಮರುದಿನದ ತಿಂಡಿ ಬಿಡುವಂತಿಲ್ಲ. ನಿಮಗೆ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತು. ರಾತ್ರಿ ತಿಂದಿದ್ದೂ ಸೇರಿ, ಹಗಲು ತಿಂದಿದ್ದೂ ಸೇರಿ ತೂಕ ಏರಿಬಿಟ್ಟರೆ ಎಂಬ ಭಯ. ಆದರೆ ನನ್ನ ಬಳಿ ಬರುವ ಅನೇಕರಲ್ಲಿ ಹಗಲು ಹೊಟ್ಟೆ ತುಂಬಿದರೆ ರಾತ್ರಿಯ ಆಸೆ ತಾನಾಗಿಯೇ ಮೆತ್ತಗಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಉಳಿದದ್ದು ಎಷ್ಟೋ, ಅದೇ ನಿಜವಾಗಿ ಮನಸ್ಸಿನದು. ಅದರ ಜೊತೆ ಮಾತ್ರ ನೀವು ಕೆಲಸ ಮಾಡಿದರೆ ಸಾಕು.

ನಿದ್ದೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಬರೀ ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಿದ ಯುವಕರ ಮೈಯಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಶೇ. 28ರಷ್ಟು ಏರಿತ್ತು. ಸಾಕು ಎನ್ನಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಆಸೆಯೂ ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳ ಕಡೆಗೇ ಹೆಚ್ಚು ವಾಲಿತ್ತು. ನೀವು ಎಲ್ಲರೂ ಮಲಗಿದ ಮೇಲೆ ಎದ್ದಿರುತ್ತೀರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರೂ ನೀವೇ ಇರಬೇಕು.

ಈಗ ಮನಸ್ಸಿನ ಕಡೆಗೆ ಬರೋಣ.

ಏನಾದರೂ ಗಾಬರಿಯ ಸುದ್ದಿ ಬಂದಾಗ ನಮಗೆ ಊಟ ಸೇರುವುದಿಲ್ಲ. ಆ ಹೊತ್ತಿನಲ್ಲಿ ಮೈ ಅಡ್ರಿನಲಿನ್ ಎಂಬ ಹಾರ್ಮೋನು ಹರಿಸುತ್ತದೆ, ಹಸಿವು ಅಡಗುತ್ತದೆ. ಆದರೆ ದಿನಗಟ್ಟಲೆ ಎಳೆಯುವ ಒತ್ತಡ ಬೇರೆ ಥರ. ಅದರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮೇಲೆಯೇ ಉಳಿಯುತ್ತದೆ, ಸಿಹಿ ಮತ್ತು ಕೊಬ್ಬಿನ ಪದಾರ್ಥಗಳ ಕಡೆ ಮನಸ್ಸನ್ನು ಎಳೆಯುತ್ತದೆ. ಹಾಗೆ ತಿಂದಾಗ ಒಂದಷ್ಟು ಹೊತ್ತು ಹಗುರ ಅನ್ನಿಸುವುದೂ ನಿಜ. ನಿಮ್ಮ ಮೈ ನಿಮಗೆ ಸುಳ್ಳು ಹೇಳುತ್ತಿಲ್ಲ. ಚಿಕ್ಕಂದಿನಿಂದ ಎಲ್ಲರೂ ಕಲಿತ, ಸುಲಭವಾಗಿ ಸಿಗುವ, ಯಾರ ಅನುಮತಿಯೂ ಬೇಡದ ಒಂದು ಸಮಾಧಾನವನ್ನು ಅದು ಹುಡುಕುತ್ತಿದೆ. ಇದರಲ್ಲಿ ಅಸಹ್ಯಪಡುವಂಥದ್ದು ಏನೂ ಇಲ್ಲ.

ಆದರೆ ಆ ಸಮಾಧಾನದಲ್ಲಿ ತಿನಿಸಿನ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲೇ ಟ್ರೇಸಿ ಮ್ಯಾನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮನಸ್ಸು ಕೆಡಿಸುವಂಥ ವಿಡಿಯೊ ತುಣುಕುಗಳನ್ನು ತೋರಿಸಿ, ಕೆಲವರಿಗೆ ಅವರೇ ಹೇಳಿದ ‘ಬೇಜಾರಾದಾಗ ನನಗೆ ಇದೇ ಬೇಕು’ ಎನ್ನುವ ತಿನಿಸು ಕೊಟ್ಟರು. ಕೆಲವರಿಗೆ ಬೇರೆ ತಿನಿಸು ಕೊಟ್ಟರು. ಕೆಲವರಿಗೆ ಏನೂ ಕೊಡದೆ ಸುಮ್ನೆ ಕೂರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸರಿಹೋಗಿತ್ತು. ಅಂದರೆ ಅಷ್ಟು ಹೊತ್ತು ಕಳೆದಿದ್ದರೆ ತಾನಾಗಿಯೇ ಇಳಿಯುತ್ತಿದ್ದ ಬೇಜಾರಿನ ಕೀರ್ತಿಯನ್ನು ನಾವು ಚಾಕಲೇಟಿಗೆ ಕೊಟ್ಟಿರುತ್ತೇವೆ. ಈ ಅಧ್ಯಯನವನ್ನು ನಾನು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಎಷ್ಟೋ ಜನರ ಮುಖ ಅಲ್ಲೇ ಸಡಿಲವಾಗುತ್ತದೆ.

ಹಾಗಾದರೆ ನೀರು, ವಾಕಿಂಗ್, ಪುಸ್ತಕ ಯಾಕೆ ಕೈಹಿಡಿಯಲಿಲ್ಲ? ನನ್ನ ಅಭಿಪ್ರಾಯ ಇಷ್ಟು. ರಾತ್ರಿಯ ತಿನಿಸು ನಿಮಗೆ ಒಂದು ಕೆಲಸ ಮಾಡಿಕೊಡುತ್ತಿತ್ತು. ಆ ಕೆಲಸ ಏನೆಂದು ಕೇಳದೆಯೇ ಅದರ ಜಾಗಕ್ಕೆ ಬೇರೆ ಏನನ್ನೋ ತಂದು ಕೂರಿಸಿದಿರಿ. ಸಿಟ್ಟು ಬಂದವರಿಗೆ ಒಂದು ಲೋಟ ನೀರು ಏನು ಮಾಡುತ್ತದೆ? ಸುಸ್ತಾಗಿ ಕಣ್ಣು ಎಳೆಯುತ್ತಿರುವವರಿಗೆ ವಾಕಿಂಗ್ ಎಂದರೆ ಇನ್ನೊಂದು ಕೆಲಸ. ಮಾತಾಡಲು ಯಾರಾದರೂ ಬೇಕು ಅನ್ನಿಸುವವರಿಗೆ ಪುಸ್ತಕ ಸಾಲದು. ಬದಲಿ ಅಭ್ಯಾಸ ಎಷ್ಟು ಆರೋಗ್ಯಕರ ಎಂಬುದು ಎರಡನೆಯ ಪ್ರಶ್ನೆ. ತಿನಿಸು ಕೊಡುತ್ತಿದ್ದುದನ್ನೇ ಅದೂ ಕೊಡುತ್ತದೆಯೇ ಎಂಬುದು ಮೊದಲನೆಯದು.

ಅದನ್ನು ಪತ್ತೆ ಮಾಡಲು ಒಂದು ಪುಸ್ತಕದಲ್ಲಿ ಒಂದು ವಾರ ಬರೆದಿಡಿ. ಕ್ಯಾಲೊರಿ ಬರೆಯಬೇಡಿ, ಏನು ತಿಂದಿರಿ ಎಂಬುದೂ ಬೇಡ. ಡಬ್ಬ ತೆಗೆಯುವ ಮೊದಲಿನ ಅರ್ಧ ಗಂಟೆ ಏನು ನಡೆಯಿತು, ಮನಸ್ಸಿನಲ್ಲಿ ಏನಿತ್ತು, ಇಷ್ಟೇ. ಎರಡು ಸಾಲು ಸಾಕು. ‘ಬೇಜಾರು’ ಎಂದು ಬರೆದು ಮುಗಿಸಬೇಡಿ, ಇನ್ನೊಂದು ಹೆಜ್ಜೆ ಒಳಗೆ ಹೋಗಿ. ಅವಮಾನವೇ? ಒಂಟಿತನವೇ? ನಾಳೆಯ ಕೆಲಸದ ದಿಗಿಲೇ? ಬರೀ ಸುಸ್ತೇ? ಭಾವನೆಗೆ ಸರಿಯಾದ ಹೆಸರಿಡುವುದೇ ಅದನ್ನು ಒಂದಿಷ್ಟು ತಗ್ಗಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಮ್ಯಾಥ್ಯೂ ಲೀಬರ್ಮನ್ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಮುಖದಲ್ಲಿ ಕಾಣುವ ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟವರಲ್ಲಿ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿದದ್ದು ಕಂಡಿತು. ಭಯ, ಉದ್ವೇಗ ಬಂದಾಗ ಎಚ್ಚೆತ್ತುಕೊಳ್ಳುವ ಭಾಗ ಅದು.

ನಿಮ್ಮ ಪತ್ರ ಓದಿ ನನಗೆ ಎರಡು ವಿಷಯ ತೋಚುತ್ತಿವೆ. ತಪ್ಪಿದ್ದರೆ ನಿಮ್ಮ ಪುಸ್ತಕವೇ ಹೇಳುತ್ತದೆ.

ಮೊದಲನೆಯದು, ರಾತ್ರಿಯ ಆ ಹೊತ್ತು. ದಿನದಲ್ಲಿ ಯಾರಿಗೂ ಏನನ್ನೂ ಮಾಡಿಕೊಡಬೇಕಿಲ್ಲದ ಹೊತ್ತು ನಿಮಗೆ ಅದೊಂದೇ ಇದ್ದಂತಿದೆ. ಹಾಗಿದ್ದರೆ ತಿನ್ನುವುದು ನಿಮ್ಮ ದಿನದ ಏಕೈಕ ಬಿಡುವು. ಅದನ್ನು ಕಿತ್ತುಕೊಂಡು ಆ ಜಾಗದಲ್ಲಿ ‘ಒಳ್ಳೆಯ ಅಭ್ಯಾಸ’ ಎಂಬ ಹೊಸ ಕರ್ತವ್ಯ ಇಟ್ಟರೆ ಮನಸ್ಸು ಹಟ ಹಿಡಿಯದೆ ಇರುತ್ತದೆಯೇ? ಇಲ್ಲಿ ಬೇಕಿರುವುದು ಬಿಡುವು. ಅದೂ ರಾತ್ರಿ ಹನ್ನೊಂದಕ್ಕಿಂತ ಮೊದಲು. ಸಂಜೆ ಮನೆಗೆ ಬಂದ ಕೂಡಲೇ ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಂಡು ಮಲಗುವುದಿರಲಿ, ಹಾಡು ಕೇಳುವುದಿರಲಿ, ಕಿಟಕಿ ಬಳಿ ಸುಮ್ನೆ ಕೂರುವುದಿರಲಿ. ಆ ಇಪ್ಪತ್ತು ನಿಮಿಷ ಮಗಳನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳಬೇಕು. ಇದನ್ನು ನೀವು ಬಾಯಿಬಿಟ್ಟು ಕೇಳಲೇಬೇಕು. ಬಹಳ ಹೆಂಗಸರಿಗೆ ತಿನ್ನುವುದನ್ನು ಬಿಡುವುದಕ್ಕಿಂತ ಹೀಗೆ ಕೇಳುವುದೇ ಕಷ್ಟ ಎಂಬುದನ್ನು ನಾನು ಕಂಡಿದ್ದೇನೆ. ಕಷ್ಟವಾದರೂ ಕೇಳಿ. ಹಗಲಿನ ಊಟ ಸರಿ ಮಾಡುವುದರ ಜೊತೆಗೆ ಈ ಉತ್ತರದಲ್ಲಿ ನೀವು ಇನ್ನೊಂದೇ ಸಲಹೆ ಪಾಲಿಸುವುದಾದರೆ, ಅದು ಇದೇ ಇರಲಿ.

ಎರಡನೆಯದು, ಆಫೀಸಿನ ಮಾತು. ಅಂದವರಿಗೆ ಅಲ್ಲಿ ಏನೂ ಹೇಳಲಾಗದೆ ನುಂಗಿಕೊಂಡು ಬರುತ್ತೀರಿ. ಸಿಟ್ಟಿಗೆ ಹೊರಗೆ ಹೋಗುವ ದಾರಿ ಬೇಕು. ಕೆಲವರಿಗೆ ಕೈಕಾಲಿನ ಮೂಲಕ ಹೋಗುತ್ತದೆ. ಬಿರುಸಿನ ನಡಿಗೆ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಆಫೀಸಿನಿಂದ ಹೊರಟ ಕೂಡಲೇ ಮಾಡಬೇಕು, ರಾತ್ರಿಯ ತನಕ ಕಾಯಬಾರದು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಕೆಲಸಕ್ಕೆ ಕೂರುವ ಮೊದಲು 15 ನಿಮಿಷ ಚುರುಕಾಗಿ ನಡೆದವರು, ನಡೆಯದೆ ಕೂತಿದ್ದವರಿಗಿಂತ ಅರ್ಧದಷ್ಟು ಚಾಕಲೇಟು ಮಾತ್ರ ತಿಂದರು. ಇನ್ನು ಕೆಲವರಿಗೆ ಬರವಣಿಗೆ ಆಗಿಬರುತ್ತದೆ. ಆ ವ್ಯಕ್ತಿಗೆ ಹೇಳಬೇಕಿದ್ದುದನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ ಹರಿದು ಹಾಕಿ. ಆದರೆ ಅದೇ ವ್ಯಕ್ತಿ ಮತ್ತೆ ಮತ್ತೆ ಹಾಗೇ ನಡೆದುಕೊಳ್ಳುತ್ತಿದ್ದರೆ ನಡಿಗೆಯೂ ಹಾಳೆಯೂ ತಾತ್ಕಾಲಿಕ. ಅಲ್ಲಿ ಮಾಡಬೇಕಾದ ಕೆಲಸ ಆಫೀಸಿನಲ್ಲೇ ಇದೆ. ‘ಎಲ್ಲರ ಮುಂದೆ ಹಾಗೆ ಮಾತಾಡಬೇಡಿ, ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ’ ಎಂಬ ಒಂದು ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ.

ನಿಮ್ಮ ಪುಸ್ತಕದಲ್ಲಿ ಒಂಟಿತನ ಎಂಬ ಪದ ಪದೇ ಪದೇ ಕಂಡರೆ ಅದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ 40 ಜನರನ್ನು ಒಂದು ದಿನ ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ, ಇನ್ನೊಂದು ದಿನ ಹತ್ತು ಗಂಟೆ ಊಟವಿಲ್ಲದೆ ಇರಿಸಿ ಮಿದುಳಿನ ಚಿತ್ರ ತೆಗೆದರು. ಹಸಿದವರು ಊಟದ ಚಿತ್ರ ನೋಡಿದಾಗ ಮಿದುಳಿನ ಯಾವ ಭಾಗ ಮಿಡಿಯಿತೋ, ಒಂಟಿಯಾಗಿದ್ದವರು ಜನ ಸೇರಿದ ಚಿತ್ರ ನೋಡಿದಾಗಲೂ ಅದೇ ಭಾಗ ಮಿಡಿಯಿತು. ಮನುಷ್ಯರ ಹಂಬಲಕ್ಕೆ ಮನುಷ್ಯರೇ ಬೇಕು. ಮೊಬೈಲ್‌ನಲ್ಲಿ ಬೇರೆಯವರ ಫೋಟೊ ನೋಡುತ್ತಾ ಕೂತರೆ ಆಗುವುದಿಲ್ಲ. ವಾರದಲ್ಲಿ ಎರಡು ದಿನ, ಇಂಥ ಹೊತ್ತಿಗೆ ಇಂಥವರಿಗೆ ಫೋನ್ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಬೇಜಾರಾದಾಗ ಮಾಡುತ್ತೇನೆ ಎಂದರೆ ಆಗುವುದಿಲ್ಲ. ಬೇಜಾರಾದಾಗ ಫೋನ್ ಎತ್ತುವಷ್ಟು ಚೈತನ್ಯವೇ ಇರುವುದಿಲ್ಲ.

ಈ ಕೊನೆಯ ಮಾತು ಎಲ್ಲ ಅಭ್ಯಾಸಗಳಿಗೂ ಹೊಂದುತ್ತದೆ. ಮನಸ್ಸನ್ನು ತುಂಬುವ ಹವ್ಯಾಸಗಳು, ಅಂದರೆ ಹಾಡು, ಹೊಲಿಗೆ, ಗಿಡ, ಚಿತ್ರ, ಕಲಿಯಬೇಕೆಂದಿದ್ದ ಯಾವುದೋ ಭಾಷೆ, ಇವು ಆಸೆ ಕೆರಳಿದ ಕ್ಷಣದಲ್ಲಿ ಎಳೆಯುವ ಬ್ರೇಕ್ ಆಗಲಾರವು. ಚಾಕಲೇಟು ಬೇಕೇಬೇಕು ಅನ್ನಿಸುತ್ತಿರುವಾಗ ‘ಬಾ, ಚಿತ್ರ ಬರೆಯೋಣ’ ಎಂದರೆ ಯಾರೂ ಬರುವುದಿಲ್ಲ. ಅವು ದಿನದಲ್ಲಿ, ವಾರದಲ್ಲಿ ಮೊದಲೇ ಇರಬೇಕು. ತಿನ್ನುವುದನ್ನು ಬಿಟ್ಟು ಬೇರೆ ಖುಷಿಯೇ ಇಲ್ಲದ ದಿನಗಳಲ್ಲಿ ಆ ಒಂದು ಖುಷಿಯ ಮೇಲೆ ಎಲ್ಲ ಭಾರ ಬೀಳುತ್ತದೆ. ಹಾಗಾಗಿ ಒಂದನ್ನು ಆರಿಸಿಕೊಳ್ಳಿ. ಮದುವೆ, ಮಗು, ಕೆಲಸ ಬರುವ ಮೊದಲು ನಿಮಗೆ ಇಷ್ಟವಿದ್ದದ್ದು ಏನೋ ಒಂದು ಇದ್ದೇ ಇರುತ್ತದೆ. ಚೆನ್ನಾಗಿ ಬರಬೇಕೆಂದಿಲ್ಲ, ಯಾರಿಗೂ ತೋರಿಸಬೇಕೆಂದಿಲ್ಲ. ವಾರಕ್ಕೆ ಎರಡು ಸಲ, ಅರ್ಧ ಗಂಟೆ. ಫಲ ತಡವಾಗಿ ಕಾಣುತ್ತದೆ, ಆದರೆ ಉಳಿದೆಲ್ಲದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಆಸೆ ಕೆರಳಿದ ಕ್ಷಣಕ್ಕೆ ಬೇಕಾದದ್ದು ಬೇರೆ. ತುಂಬ ಚಿಕ್ಕದು, ಯೋಚನೆಯೇ ಬೇಡದ್ದು. ಚಟ ಬಿಡುವವರಿಗೆ ನೆರವಾಗಲೆಂದು ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಒಂದು ವಿಧಾನವಿದೆ. ಆಸೆ ಎನ್ನುವುದು ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ಜೊತೆ ಗುದ್ದಾಡದೆ, ಎಲ್ಲಿ ಅನ್ನಿಸುತ್ತಿದೆ ಎಂದು ನೋಡುವುದು. ಬಾಯಿಯಲ್ಲೇ, ಗಂಟಲಲ್ಲೇ, ಎದೆಯಲ್ಲೇ? ಈಗ ಏರುತ್ತಿದೆಯೇ, ಇಳಿಯುತ್ತಿದೆಯೇ? ಹತ್ತು ನಿಮಿಷ ಗಡಿಯಾರ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಕೂರಲಾಗದಿದ್ದರೆ ಕಣ್ಣಿಗೆ ಕೆಲಸ ಕೊಡಿ. ತಿನಿಸಿನ ಆಸೆ ಬಹುಪಾಲು ಮನಸ್ಸಿನೊಳಗಿನ ಚಿತ್ರವಾಗಿ ಬರುತ್ತದೆ, ಅದರ ಬಣ್ಣ, ವಾಸನೆ ಸಮೇತ. ಕಣ್ಣು ಬೇರೆ ಕಡೆ ತೊಡಗಿದರೆ ಆ ಚಿತ್ರ ಮಸುಕಾಗುತ್ತದೆ. ಟೆಟ್ರಿಸ್ ಎಂಬ ಹಳೆಯ ವಿಡಿಯೊ ಆಟವನ್ನು ಮೂರು ನಿಮಿಷ ಆಡಿದವರಲ್ಲಿ ಆಸೆ ತಗ್ಗಿದ್ದನ್ನು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ದಾಖಲಿಸಿದ್ದಾರೆ.

ಇದನ್ನು ಮೊದಲೇ ಒಂದು ವಾಕ್ಯ ಮಾಡಿಟ್ಟುಕೊಳ್ಳಿ: ‘ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದರೆ, ಮೊದಲು ಹತ್ತು ನಿಮಿಷ ಕುರ್ಚಿಯಲ್ಲಿ ಕೂತು ಆ ಎರಡು ಸಾಲು ಬರೆಯುತ್ತೇನೆ.’ ಹೀಗೆ ‘ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ’ ಎಂದು ಜಾಗ, ಹೊತ್ತು ಸಮೇತ ಗೊತ್ತುಮಾಡಿಕೊಂಡವರು, ‘ಇನ್ನು ಮೇಲೆ ಸರಿಯಾಗಿರುತ್ತೇನೆ’ ಎಂದುಕೊಂಡವರಿಗಿಂತ ಹೆಚ್ಚು ನಡೆಸಿಕೊಡುತ್ತಾರೆ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹತ್ತು ನಿಮಿಷ ಕಳೆದ ಮೇಲೂ ಬೇಕು ಅನ್ನಿಸಿದರೆ? ತಿನ್ನಿ. ಆದರೆ ಲೈಟು ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಫೋನ್ ಬದಿಗಿಡಿ. ನಿಂತುಕೊಂಡು, ಯಾರಿಗೂ ಗೊತ್ತಾಗದಂತೆ ಆತುರದಲ್ಲಿ ತಿಂದದ್ದರ ರುಚಿಯೂ ನೆನಪಿರುವುದಿಲ್ಲ. ಕೂತು ತಿಂದರೆ ಎಷ್ಟು ಸಾಕು ಎಂಬುದು ನಿಮಗೇ ತಿಳಿಯುತ್ತದೆ. ಯಾವ ತಿನಿಸನ್ನೂ ನಿಷೇಧದ ಪಟ್ಟಿಗೆ ಸೇರಿಸಬೇಡಿ. ಮಿಲ್ಕ್‌ಶೇಕಿನ ಪ್ರಯೋಗದಲ್ಲಿ ಆದದ್ದು ಆ ಪಟ್ಟಿಯಿಂದಲೇ.

ತಿಂದ ಮೇಲಿನ ಅಸಹ್ಯದ ಬಗ್ಗೆ. ನಿಮ್ಮನ್ನು ನೀವು ಬೈದುಕೊಳ್ಳದಿದ್ದರೆ ಶಿಸ್ತು ತಪ್ಪುತ್ತದೆ ಎಂದು ನಿಮಗನ್ನಿಸಬಹುದು. ಫಲಿತಾಂಶ ಇದಕ್ಕೆ ಉಲ್ಟಾ ಇದೆ. 2007ರಲ್ಲಿ ಕ್ಲೇರ್ ಆ್ಯಡಮ್ಸ್ ಮತ್ತು ಮಾರ್ಕ್ ಲಿಯರಿ ಎಂಬ ಸಂಶೋಧಕರು ವಿದ್ಯಾರ್ಥಿನಿಯರಿಗೆ ಡೋನಟ್ ತಿನ್ನಲು ಕೊಟ್ಟರು. ಅವರಲ್ಲಿ ಕೆಲವರಿಗೆ ‘ಎಲ್ಲರೂ ಒಮ್ಮೊಮ್ಮೆ ಹೀಗೆ ತಿನ್ನುತ್ತಾರೆ, ನಿಮ್ಮ ಮೇಲೆ ಕಟುವಾಗಬೇಡಿ’ ಎಂಬ ಅರ್ಥದ ನಾಲ್ಕು ಮಾತು ಹೇಳಿದರು. ಸದಾ ಡಯಟ್ ಚಿಂತೆಯಲ್ಲಿರುವವರಲ್ಲಿ, ಈ ಮಾತು ಕೇಳಿಸಿಕೊಂಡವರು ಆಮೇಲೆ ಮುಂದಿಟ್ಟ ಸಿಹಿಯನ್ನು ಕೇಳಿಸಿಕೊಳ್ಳದವರಿಗಿಂತ ಕಡಿಮೆ ತಿಂದರು. ಬೈದುಕೊಂಡಾಗ ಹುಟ್ಟುವ ನೋವಿಗೂ ಮತ್ತೆ ಸಮಾಧಾನ ಬೇಕಾಗುತ್ತದೆ. ಆ ಸಮಾಧಾನವೂ ಡಬ್ಬದಲ್ಲೇ ಇದೆ ಎಂದು ಮನಸ್ಸಿಗೆ ಗೊತ್ತಿದೆ.

ಎಷ್ಟು ದಿನ ಹಿಡಿಯುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ, ಮತ್ತೊಬ್ಬರಿಗೆ ಅಂದಾಜು 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ನೀವು ಎರಡು ದಿನಕ್ಕೆ ನಿಲ್ಲಿಸಿದ್ದೀರಿ. ನಿಮ್ಮ ಹಗಲಿನ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಆಶ್ಚರ್ಯದ ಮಾತಲ್ಲ. ಮುಟ್ಟಿನ ಹಿಂದಿನ ವಾರದಲ್ಲಿ ಆಸೆ ಜಾಸ್ತಿಯಾಗುವುದೂ ಸಹಜ. ಆ ವಾರವನ್ನು ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಇದು ಕಾಯಿಲೆಯೇ ಎಂದು ಕೇಳಿದ್ದೀರಿ. ಬೇಜಾರಾದಾಗ ಬಾಯಾಡಿಸುವುದು ಕಾಯಿಲೆಯಲ್ಲ. ಆದರೆ ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಇದೆ. ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ಅದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆ. ಅದರ ಮುಖ್ಯ ಗುರುತು: ಸ್ವಲ್ಪ ಹೊತ್ತಿನಲ್ಲೇ, ಯಾರಾದರೂ ಸಾಮಾನ್ಯವಾಗಿ ತಿನ್ನುವುದಕ್ಕಿಂತ ತುಂಬ ಹೆಚ್ಚು ತಿನ್ನುವುದು, ನಿಲ್ಲಿಸಲು ತನ್ನ ಕೈಲಿ ಆಗುತ್ತಿಲ್ಲ ಅನ್ನಿಸುವುದು. ಇದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳಿನಿಂದ ನಡೆದಿರಬೇಕು. ಜೊತೆಗೆ ಹಸಿವಿಲ್ಲದೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ಅಸಹ್ಯಪಟ್ಟುಕೊಳ್ಳುವುದು ಇರುತ್ತವೆ. ಈ ಕೊನೆಯ ಮೂರೂ ನಿಮ್ಮ ಪತ್ರದಲ್ಲಿವೆ. ಹಾಗಾಗಿ ಒಮ್ಮೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ನೋಡಿ ಎಂದೇ ಹೇಳುತ್ತೇನೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೇ ಮುಖ್ಯ. ಭೇಟಿಯ ದಿನ ಆ ಪುಸ್ತಕ ತೆಗೆದುಕೊಂಡು ಹೋಗಿ. ಯಾವುದಾದರೂ ಮಾತ್ರೆ ಶುರುವಾದ ಮೇಲೆ ಹಸಿವು ಹೆಚ್ಚಿದ್ದರೆ ಅದನ್ನೂ ಹೇಳಿ. ಸ್ಟೀರಾಯ್ಡ್‌ಗಳು, ಖಿನ್ನತೆಯ ಕೆಲವು ಔಷಧಿಗಳು ಹಾಗೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ತಿಂದದ್ದನ್ನು ವಾಂತಿ ಮಾಡುವುದು, ಭೇದಿಯ ಮಾತ್ರೆ ತೆಗೆದುಕೊಳ್ಳುವುದು ಶುರುವಾಗಿದ್ದರೆ, ಅಥವಾ ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ, ಇವತ್ತೇ ಹೋಗಿ.

ಇನ್ನು ಮಗಳು. ನಾರ್ವೆಯಲ್ಲಿ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಹತ್ತರವರೆಗೆ ಗಮನಿಸಿದ ಅಧ್ಯಯನವೊಂದಿದೆ. ಅತ್ತಾಗ ತಿನಿಸು ಕೊಟ್ಟು ಸಮಾಧಾನ ಮಾಡಿಸಿಕೊಂಡ ಮಕ್ಕಳು ಎಂಟು, ಹತ್ತನೇ ವಯಸ್ಸಿನಲ್ಲಿ ಬೇಜಾರಾದಾಗ ತಿನ್ನುವುದು ಹೆಚ್ಚು ಎಂದು ಅದರಲ್ಲಿ ಕಂಡಿತು. ಬೇಗ ರೇಗುವ, ಬೇಗ ಅಳುವ ಮಕ್ಕಳಿಗೆ ಅಪ್ಪ ಅಮ್ಮ ತಿನಿಸು ಕೊಡುವುದೂ ಹೆಚ್ಚು ಎಂದೂ ಕಂಡಿತು. ಅಂದರೆ ನಿಮ್ಮೊಬ್ಬರ ಕೈಯಿಂದಲೇ ಎಲ್ಲವೂ ಆಗುವುದಲ್ಲ. ಅವಳಿಗಿನ್ನೂ ನಾಲ್ಕು ವರ್ಷ, ಬದಲಿಸಲು ಬೇಕಾದಷ್ಟು ಸಮಯವಿದೆ. ಅತ್ತಾಗ ಮೊದಲು ಎತ್ತಿಕೊಳ್ಳಿ. ಅವಳಿಗೆ ಏನಾಯಿತೆಂದು ನೀವೇ ಮಾತಿನಲ್ಲಿ ಹೇಳಿ: ‘ಆಟ ನಿಲ್ಲಿಸಬೇಕಾಯ್ತು ಅಂತ ಸಿಟ್ಟು ಬಂತಾ?’ ಹೌದೆಂದು ತಲೆಯಾಡಿಸಿದರೆ ಅಷ್ಟು ಹೊತ್ತು ಸಿಟ್ಟಾಗಿರಲು ಬಿಡಿ, ಪಕ್ಕದಲ್ಲಿ ಕೂತಿರಿ. ಊಟವಾಗಿ ತುಂಬ ಹೊತ್ತಾಗಿದ್ದರೆ ಅಳು ಹಸಿವಿನದೇ ಇರಬಹುದು, ಆಗ ಊಟ ಕೊಡಿ. ಬಿಸ್ಕತ್ತನ್ನು ಮನೆಯಿಂದ ಹೊರಹಾಕಬೇಕಿಲ್ಲ. ಸಂಜೆಯ ತಿಂಡಿಯ ಜೊತೆ, ಅವಳು ನಗುತ್ತಿರುವ ಹೊತ್ತಿನಲ್ಲಿ, ತಟ್ಟೆಗೆ ಹಾಕಿ ಕೊಡಿ. ನೀವೂ ಪಕ್ಕದಲ್ಲಿ ಕೂತು ಒಂದು ತಿನ್ನಿ.